ಬಾಸ್ ಇಲ್ಲ, ಕೊರವ ಇದೆ: ಕಾಫಿ ನಾಡಿನಲ್ಲಿ ಗಾಳ ಹಾಕುವ ಮುಂಚೆ

‘ನಿಮ್ಮ ಕಡೆ ಬಾಸ್ ಎಲ್ಲಿ ಸಿಗುತ್ತೆ ಸಾರ್?’ ನಾನು ಮೂಡಿಗೆರೆಯವನು ಅಂತ ಗೊತ್ತಾದ ಕೂಡಲೇ ಗಾಳದ ಹುಚ್ಚಿರುವ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೋ ನೋಡಿ, ರಾಡು, ರೀಲು, ಬಣ್ಣಬಣ್ಣದ ರಬ್ಬರ್ ಕಪ್ಪೆ ತರಿಸಿಕೊಂಡು ಘಾಟಿ ಹತ್ತಿರುತ್ತಾರೆ.

ಉತ್ತರ ಸರಳ: ಇಲ್ಲಿ ಬಾಸ್ ಸಿಗಲ್ಲ. ಅದು ಉತ್ತರ ಅಮೆರಿಕದ ಮೀನು. ಬೇರೆ ದೇಶಗಳ ನೀರಿಗೆ ಬಿಟ್ಟ ಕಡೆಯೆಲ್ಲ ಸ್ಥಳೀಯ ಮೀನುಗಳನ್ನು ನುಂಗಿ ಹಾಕಿದ್ದಕ್ಕೆ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಾರ್ಜ್‌ಮೌತ್ ಬಾಸ್ ಹೆಸರೂ ಸೇರಿದೆ. ಅದು ನಮ್ಮಲ್ಲಿ ಇಲ್ಲದಿರುವುದೇ ಪುಣ್ಯ. ಹಾಗಂತ ತಂದ ಗಾಳ ದಂಡವಾಗಲ್ಲ.

ಕೆರೆಯ ಹುಲಿ

ತೋಟದ ಕೆರೆಗಳಲ್ಲಿರುವ ಕೊರವ ಮೀನು ಬಾಸ್‌ನ ಹಾಗೇ ಹೊಂಚುಗಾರ. ತಾವರೆ ಎಲೆ, ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತಿರುತ್ತೆ. ರಬ್ಬರ್ ಕಪ್ಪೆ ಎಲೆಗಳ ಮೇಲೆ ಕುಪ್ಪಳಿಸಿಕೊಂಡು ಬಂದರೆ ನೀರು ಸಿಡಿಯುವ ಹಾಗೆ ಎಗರುತ್ತೆ. ಗಾಳಿಯನ್ನೇ ಉಸಿರಾಡಬಲ್ಲದು, ಹಾಗಾಗಿ ಕೆಸರು ನೀರಲ್ಲೂ ಬದುಕುತ್ತೆ.

ಮಳೆಗಾಲದಲ್ಲಿ ಮಾತ್ರ ಒಂದು ಎಚ್ಚರ ಬೇಕು. ನೀರಿನ ಮೇಲೆ ಕೆಂಪು ಕೆಂಪಾಗಿ ಮರಿಗಳ ಗುಂಪು ಕಂಡರೆ, ಕೆಳಗೆ ಅಪ್ಪ ಅಮ್ಮ ಕಾವಲಿಗೆ ಇವೆ ಅಂತ ಲೆಕ್ಕ. ಮರಿಗಳ ಮಧ್ಯೆ ಕಪ್ಪೆ ಎಸೆದರೆ ಅವು ಸಿಟ್ಟಿಗೆ ಕಚ್ಚೇ ಕಚ್ಚುತ್ತವೆ, ಹಸಿವಿಗಲ್ಲ. ದೊಡ್ಡ ಮೀನು ಹೋದ ಮೇಲೆ ಮರಿಗಳನ್ನು ಬೇರೆ ಮೀನುಗಳು ಬಿಡಲ್ಲ. ಅಲ್ಲಿ ಗಾಳ ಹಾಕುವುದು ಶಿಕಾರಿ ಅಲ್ಲ, ಮೋಸ.

ಹೊಳೆಯ ರಾಜ

ಹೊಳೆಗೆ ಬಂದರೆ ಮಾತು ಮಹಶೀರ್‌ದು. ನಮ್ಮ ಜಿಲ್ಲೆಯ ನೀರು ಎರಡು ಕಡೆ ಹಂಚಿಹೋಗುತ್ತೆ. ಗಂಗಾಮೂಲದಲ್ಲಿ ಹುಟ್ಟುವ ತುಂಗಾ, ಭದ್ರಾ ಕೃಷ್ಣೆಯ ಪಾಲು. ಶೃಂಗೇರಿ ನೋಡಿಕೊಂಡು ಹೋಗೋದು ತುಂಗಾ, ಕಳಸ ಬಳಸಿಕೊಂಡು ಹೋಗೋದು ಭದ್ರಾ. ಮೂಡಿಗೆರೆ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿ ಕಾವೇರಿಯ ಪಾಲು. ಲೇಖಕ ಪೂರ್ಣಚಂದ್ರ ತೇಜಸ್ವಿ (1938–2007) ಗಾಳ ಹಿಡಿದು ತಾಳ್ಮೆಯಿಂದ ಕೂತಿದ್ದು ಇದೇ ಸೀಮೆಯ ನೀರಿನ ದಡದಲ್ಲಿ.

ಕಾವೇರಿಗೆ ತನ್ನದೇ ಮಹಶೀರ್ ಇದೆ. ಕಿತ್ತಳೆ ಬಣ್ಣದ ರೆಕ್ಕೆ, ಬೆನ್ನ ಮೇಲೆ ಡುಬ್ಬ. 1946ರಲ್ಲಿ ಕಬಿನಿಯಲ್ಲಿ ವಾನ್ ಇಂಗೆನ್ ಹಿಡಿದ ದಾಖಲೆಯ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮಹಶೀರ್ ಕಡಿಮೆಯಾಗ್ತಿದೆ ಅಂತ 1970ರ ದಶಕದಿಂದ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಅವು ಕೃಷ್ಣೆಯ ಕಡೆಯ, ನೀಲಿ ರೆಕ್ಕೆಯ ಇನ್ನೊಂದು ಜಾತಿ. ಕಾಲಕ್ರಮೇಣ ಗಾಳಕ್ಕೆ ಸಿಗುವುದೆಲ್ಲ ನೀಲಿ ರೆಕ್ಕೆಯದೇ ಆಯ್ತು. ಡುಬ್ಬದ ಮಹಶೀರ್‌ಗೆ ವಿಜ್ಞಾನಿಗಳು ‘ಟಾರ್ ರೆಮದೇವಿ’ ಅನ್ನುವ ಹೆಸರು ಖಚಿತ ಮಾಡಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಪಕ್ಕದ ನದಿಯ ಮೀನೇ ಇಷ್ಟು ಮಾಡಿದರೆ, ಹೊರದೇಶದ ಮೀನು ಏನು ಮಾಡಬಹುದು ಯೋಚಿಸಿ.

ಕಾಫಿ ತೊಳೆದ ನೀರು

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎಸೆದರೆ ಮೊಳದುದ್ದದ ಮೀನುಗಳು ಮುತ್ತಿಕೊಳ್ಳುತ್ತವೆ. ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಆದರೆ ನಂಬಿಕೆಯೊಂದೇ ಸಾಲದು. ನಮ್ಮ ಎತ್ತಿನಭುಜದ ಕೆಳಗಿರುವ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ದೇವರ ಮೀನುಗಳನ್ನೇ ಕೊಂದರು. ಹೊಳೆಗೆ ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ.

ಕಣ್ಣಿಗೆ ಕಾಣದ ಇನ್ನೊಂದು ವಿಷ ನಮ್ಮ ತೋಟಗಳಿಂದಲೇ ಬರಬಹುದು. ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ ತೊಳೆದಾಗ ಸಿಪ್ಪೆ, ಲೋಳೆ, ಸಕ್ಕರೆ ಅಂಶವೆಲ್ಲ ನೀರಿಗೆ ಸೇರುತ್ತೆ. ಅದು ಹಳ್ಳಕ್ಕೆ ಹೋದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತಾ ನೀರಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಕೊಯ್ಲು ನಡೆಯುವುದು ನವೆಂಬರ್‌ನಿಂದ ಜನವರಿ ಸುಮಾರಿಗೆ, ಹಳ್ಳದ ನೀರು ಇಳಿಯುತ್ತಿರುವ ಹೊತ್ತಿಗೆ. ಕೊರವ ಹೇಗೋ ಗಾಳಿ ಕುಡಿದು ಉಳಿಯುತ್ತೆ. ಓಡುವ ತಿಳಿನೀರನ್ನೇ ನಂಬಿರುವ ಮಹಶೀರ್‌ಗೆ ಆ ದಾರಿ ಇಲ್ಲ. ಈ ನೀರನ್ನು ಹೊಂಡದಲ್ಲಿ ತಡೆದು ಸಂಸ್ಕರಿಸುವ ಬೆಳೆಗಾರರೂ ಇದ್ದಾರೆ. ಹೊಳೆ ಉಳಿಯುವುದು ಅಂಥವರಿಂದ.

ಹೊರಡುವ ಮುಂಚೆ

• ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶ, ದೇವಸ್ಥಾನದ ಮೀನುಗುಂಡಿ: ಇಲ್ಲೆಲ್ಲ ಗಾಳ ಬೇಡವೇ ಬೇಡ.

• ತೋಟದ ಕೆರೆಯಾದರೆ ಮಾಲೀಕರನ್ನು ಕೇಳಿ. ಊರ ಕೆರೆಯನ್ನು ಯಾರಾದರೂ ಮೀನು ಸಾಕಲು ಗುತ್ತಿಗೆ ಹಿಡಿದಿರಬಹುದು, ವಿಚಾರಿಸಿ.

• ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ವಾಪಸ್ ಬಿಡುವ ಮೀನನ್ನು ಒದ್ದೆ ಕೈಯಲ್ಲೇ, ಆದಷ್ಟು ನೀರಲ್ಲೇ ಹಿಡಿಯಿರಿ. ಫೋಟೊಗೆ ಒಂದೆರಡು ಕ್ಷಣ ಸಾಕು.

• ಏಪ್ರಿಲ್, ಮೇನಲ್ಲಿ ನೀರು ಬತ್ತಿ ಬಿಸಿಯಾಗಿರುತ್ತೆ. ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಸಾಯಬಹುದು. ಮಳೆ ಹಿಡಿದ ಮೇಲೆ ಮೀನು ಮೊಟ್ಟೆಯಿಡಲು ಹೊಳೆ ಹತ್ತುತ್ತೆ. ಎರಡೂ ಕಾಲದಲ್ಲಿ ಹೊಳೆಗೆ ರಜೆ ಕೊಡಿ.

• ಅಕ್ವೇರಿಯಂ ಮೀನಾಗಲಿ, ಬೇರೆ ಊರಿನ ಮೀನಾಗಲಿ, ಹೊಳೆಗೆ ಬಿಡಬೇಡಿ.

ಇನ್ನೊಂದು ಕೆಲಸ ಎಲ್ಲರೂ ಮಾಡಬಹುದು, ಗಾಳ ಹಿಡಿಯದವರೂ ಸಹ. ಈ ಸಲ ಹೋಮ್‌ಸ್ಟೇಯಲ್ಲಿ ಬೆಳಗಿನ ಕಾಫಿ ಕುಡಿಯುವಾಗ ಮಾಲೀಕರನ್ನು ಸುಮ್ಮನೆ ಕೇಳಿ ನೋಡಿ: ‘ನಿಮ್ಮ ಪಲ್ಪಿಂಗ್ ನೀರು ಎಲ್ಲಿಗೆ ಹೋಗುತ್ತೆ ಸಾರ್?’ ಹೊಂಡ ಮಾಡಿಸಿದವರು ಖುಷಿಯಿಂದ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಾಡಿಸದವರಿಗೆ, ಬರುವ ಅತಿಥಿಗಳು ಇದನ್ನೂ ಗಮನಿಸುತ್ತಾರೆ ಅಂತ ಗೊತ್ತಾಗುತ್ತೆ.