ಮುನ್ನೂರು ಗಂಟೆಯ ಲೆಕ್ಕ

ಯಾದಗಿರಿ ಜಿಲ್ಲೆಯ ರಾಮಸಮುದ್ರದ ರೈತ ಬೆಳೆಸಾಲಕ್ಕೆಂದು ಪಹಣಿ ತೆಗೆಸಿದರೆ ಅದು ಕಂಪ್ಯೂಟರಿನಿಂದ ಬರುತ್ತದೆ. ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕಾಲದಲ್ಲೇ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಡಿಸ್ಕಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆಯೂ ಹೋಯಿತು. ಹಾಗಾದರೆ ಡಿಸ್ಕ್ ಕೆಟ್ಟರೆ ಹೊಲ ಯಾರದು?

ಇದಕ್ಕೆ ಬೇಕಾದ ಉತ್ತರ ‘ಭೂಮಿ’ಗಿಂತ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ, ಬೇರೆಯೇ ಚಿಂತೆಯಿಂದ ಹುಟ್ಟಿತ್ತು. 1987ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್ಸನ್, ರ‍್ಯಾಂಡಿ ಕಾಟ್ಜ್ ಮತ್ತು ವಿದ್ಯಾರ್ಥಿ ಗಾರ್ತ್ ಗಿಬ್ಸನ್ ಅವರನ್ನು ಕಾಡಿದ್ದು ವೇಗ. ಪ್ರೊಸೆಸರ್‌ಗಳು ಓಡುತ್ತಿದ್ದವು, ಡಿಸ್ಕುಗಳು ತೆವಳುತ್ತಿದ್ದವು. ಐಬಿಎಂನ ದೈತ್ಯ 3380 ಡಿಸ್ಕಿನಲ್ಲಿ 7,500 ಮೆಗಾಬೈಟ್ ಹಿಡಿಸುತ್ತಿತ್ತು. ಪಿಸಿಗೆಂದು ಮಾಡಿದ ಕಾನರ್ ಕಂಪನಿಯ ಪುಟ್ಟ ಡಿಸ್ಕಿನಲ್ಲಿ 100. ಎಪ್ಪತ್ತೈದು ಪುಟ್ಟವನ್ನು ಸಾಲಾಗಿ ಜೋಡಿಸಿ ಎಲ್ಲವನ್ನೂ ಒಟ್ಟಿಗೆ ಓದಿಸಿದರೆ? ಅಗ್ಗ, ವೇಗವೂ ಹೌದು. ಆದರೆ ಒಂದು ಡಿಸ್ಕಿನ ಸರಾಸರಿ ಆಯಸ್ಸು 30,000 ಗಂಟೆ ಎಂದರೆ, ನೂರು ಡಿಸ್ಕಿನ ಸಾಲಿನಲ್ಲಿ 300 ಗಂಟೆಗೊಂದು ಕೆಡುತ್ತದೆ. ಎರಡು ವಾರವೂ ಇಲ್ಲ!

ಪಾರಾಗುವ ದಾರಿ ತೀರ ಹೊಸದೇನಲ್ಲ. ಟ್ಯಾಂಡೆಮ್ ಕಂಪನಿ ಎಪ್ಪತ್ತರ ದಶಕದಲ್ಲೇ ಎರಡೆರಡು ಪ್ರತಿ ಇಡುತ್ತಿತ್ತು. ಹೋದ ಡಿಸ್ಕನ್ನು ಮರಳಿ ಕಟ್ಟುವ ವಿಧಾನಕ್ಕೆ ಐಬಿಎಂನ ನಾರ್ಮನ್ ಔಚಿ 1978ರಲ್ಲೇ ಪೇಟೆಂಟ್ ಪಡೆದಿದ್ದರು. ಮೂವರು ಅಣ್ಣತಮ್ಮಂದಿರ ಪಾಲಿನ ಎಕರೆ ಬರೆದ ಹಾಳೆಗಳಲ್ಲಿ ಒಂದು ಹರಿದುಹೋದರೂ, ಒಟ್ಟು ಎಕರೆ ಬೇರೆ ಹಾಳೆಯಲ್ಲಿದ್ದರೆ ಕಳೆದು ತಿಳಿಯಬಹುದಲ್ಲ, ಅದೇ ಉಪಾಯ. ಡಿಸ್ಕ್ ಕೂಡುವುದಿಲ್ಲ, ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂದಷ್ಟೇ ಬರೆದಿಡುತ್ತದೆ. ಅದೇ ಪ್ಯಾರಿಟಿ. ಬರ್ಕ್ಲಿಯವರ ಹೆಚ್ಚುಗಾರಿಕೆ ಇವನ್ನೆಲ್ಲ ಐದು ಹಂತಗಳಾಗಿ ವಿಂಗಡಿಸಿ, ಲಾಭನಷ್ಟ ತೂಗಿ, ರೇಡ್ ಎಂದು ಹೆಸರಿಟ್ಟದ್ದರಲ್ಲಿದೆ. 1988ರಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಲೇಖನ ಹೊರಬಿತ್ತು. ಆಮೇಲೆ 28 ಡಿಸ್ಕಿನ ಯಂತ್ರವನ್ನೇ ಕಟ್ಟಿ ತೋರಿಸಿದರು.

ಡಿಸ್ಕ್ ಸತ್ತರೆ ಏನು ಮಾಡಬೇಕೆಂಬುದು ತೀರ್ಮಾನವಾಯಿತು. ಡಿಸ್ಕುಗಳನ್ನು ಆಳುವ ಕಂಟ್ರೋಲರ್ ಕಾರ್ಡೇ ಸತ್ತರೆ? ಐದನೇ ಹಂತದಲ್ಲಿ ಮಾಹಿತಿ ಚೂರುಚೂರಾಗಿ ಎಲ್ಲ ಡಿಸ್ಕುಗಳ ಮೇಲೆ ಹರಡಿರುತ್ತದೆ, ಪ್ಯಾರಿಟಿಯೂ ಸರದಿಯಂತೆ ಸುತ್ತುತ್ತದೆ. ಯಾವುದು ಮೊದಲ ಡಿಸ್ಕ್, ಚೂರು ಎಷ್ಟು ದೊಡ್ಡದು ಎಂಬುದನ್ನು ಹಳೆಯ ಎಷ್ಟೋ ಕಾರ್ಡುಗಳು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದವು. ಕಾರ್ಡ್ ಸುಟ್ಟರೆ ಡಿಸ್ಕುಗಳೆಲ್ಲ ಗಟ್ಟಿಮುಟ್ಟು, ಮಾಹಿತಿ ಮಾತ್ರ ಕಲಸುಮೇಲೋಗರ. ನನ್ನ ಮಟ್ಟಿಗೆ ಎರಡನೆಯ ನಿಜವಾದ ಆವಿಷ್ಕಾರ ಈ ವಿವರವನ್ನು ಡಿಸ್ಕಿನ ಮೇಲೆಯೇ ಬರೆದದ್ದು. ಮೊದಲು ಪ್ರತಿ ಕಂಪನಿಗೂ ತನ್ನದೇ ಲಿಪಿ. 2006ರಲ್ಲಿ ಎಸ್‌ಎನ್‌ಐಎ ಎಂಬ ಉದ್ಯಮ ಸಂಘಟನೆ ಡಿಡಿಎಫ್ ಎಂಬ ಸಮಾನ ನಮೂನೆ ತಂದಿತು: ಡಿಸ್ಕಿನ ಕೊನೆಯ ತುಣುಕಿನಲ್ಲಿ ಗುರುತು, ಅಲ್ಲಿಂದ ಉಳಿದ ವಿವರಕ್ಕೆ ದಾರಿ. ಲಿನಕ್ಸಿನ ಎಂಡಿ ವ್ಯವಸ್ಥೆಯೂ ವಿವರವನ್ನು ಡಿಸ್ಕಿನಲ್ಲೇ ಇಡುತ್ತದೆ, ಅದಕ್ಕೆ ಕಾರ್ಡಿನ ಹಂಗೇ ಇಲ್ಲ.

ಆದರೂ ನಮೂನೆಯನ್ನು ಎಲ್ಲ ಕಂಪನಿಗಳೂ ಪಾಲಿಸಲಿಲ್ಲ. ಒಂದೇ ಕಂಪನಿಯ ಹೊಸ ಕಾರ್ಡ್ ಸಾಮಾನ್ಯವಾಗಿ ಹಳೆಯ ಡಿಸ್ಕುಗಳನ್ನು ‘ಫಾರಿನ್’ ಎಂದು ಗುರುತಿಸಿ, ಇಂಪೋರ್ಟ್ ಮಾಡಲೇ ಎಂದು ಕೇಳುತ್ತದೆ. ಪಕ್ಕದಲ್ಲೇ ಕ್ಲಿಯರ್ ಎಂಬ ಆಯ್ಕೆಯೂ ಇರುತ್ತದೆ; ಅದನ್ನು ಮುಟ್ಟಬಾರದು. ಇನಿಶಿಯಲೈಸ್ ಅಂತೂ ಬೇಡವೇ ಬೇಡ. ಕಂಪನಿಯೇ ಬದಲಾದರೆ ಡಿಸ್ಕ್ ಸಾಗಿಸುವ ಆಸೆ ಬಿಟ್ಟು ಮಾಹಿತಿಯ ನಕಲನ್ನೇ ಸಾಗಿಸುವುದು ಮೇಲು.

ನಿಮ್ಮ ಕಚೇರಿಯಲ್ಲಿ ಇಂಥ ಸರ್ವರ್ ಇದ್ದರೆ, ಕಾರ್ಡ್ ಬದಲಿಸುವ ಮುನ್ನ ಬ್ಯಾಕಪ್ ತೆಗೆದು, ಅದರಿಂದ ಕೆಲವು ಕಡತ ತೆರೆದು ನೋಡಿ. ಪ್ರತಿ ಡಿಸ್ಕಿನ ಮೇಲೆ ಸ್ಲಾಟ್ ಸಂಖ್ಯೆ ಬರೆಯಿರಿ. ಸರ್ವರನ್ನು ಕ್ರಮವಾಗಿಯೇ ಆರಿಸಿ. ಇಲ್ಲದಿದ್ದರೆ ಇನ್ನೂ ಡಿಸ್ಕಿಗೆ ಇಳಿಯದ ಮಾಹಿತಿ ಹಳೆಯ ಕಾರ್ಡಿನ ಕ್ಯಾಶ್‌ನಲ್ಲೇ ಉಳಿದಿರಬಹುದು.