ಪಡಸಾಲೆಯಲ್ಲಿ ನಾಯಿ, ಒಳಕೋಣೆಯಲ್ಲಿ ಇಲಿ: ಮಾಸೂರಿನ ಒಂದು ಮನೆ

ಶಿಕಾರಿಪುರ ದಾಟಿ ರಟ್ಟೀಹಳ್ಳಿಯ ಕಡೆ ಹೊರಟರೆ ಮಲೆನಾಡಿನ ಹಸಿರು ಹಿಂದೆ ಸರಿಯುತ್ತದೆ. ಗುಡ್ಡಗಳು ಕುಳ್ಳಗಾಗಿ, ಗೋವಿನಜೋಳದ ಹೊಲಗಳು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತವೆ. ಆ ಅಂಚಿನಲ್ಲೇ ಮಾಸೂರು. ಮೊದಲು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಮೊದಲು ಹಿರೇಕೆರೂರು ತಾಲ್ಲೂಕು, ಈಗ ರಟ್ಟೀಹಳ್ಳಿ. ಊರಿನ ಹೆಸರು ನಾಡಿಗೆ ಗೊತ್ತಿರುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಹುಂಚದ ಹತ್ತಿರ ಬಿಲ್ಲೇಶ್ವರದಲ್ಲಿ ಹುಟ್ಟಿ ಬರುವ ಕುಮುದ್ವತಿಗೆ ಗುಡ್ಡಗಳ ನಡುವೆ ಏರಿ ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆ ಒಂದು. ಇನ್ನೊಂದು ಸರ್ವಜ್ಞ. ಅವನ ತಂದೆ ಮಾಸೂರಿನ ಬಸವರಸ, ತಾಯಿ ಕುಂಬಾರ ಮನೆತನದ ಮಾಳಿ ಎಂಬುದು ಐತಿಹ್ಯ. ಮಳೆಗಾಲದಲ್ಲಿ ಧುಮ್ಮಿಕ್ಕುವ ನೀರು ನೋಡಲು ಇಲ್ಲಿಗೆ ಜನ ಬರುತ್ತಾರೆ. ನಾನು ಬಂದದ್ದು ಇಲಿ ನೋಡಲು.

"ಇಲಿ ನೋಡಾಕ ಅಷ್ಟು ದೂರದಿಂದ ಬಂದ್ರ್ಯಾ? ನಮ್ಮನಿಗೆ ಬರ್ರಿ, ಪುಕ್ಕಟೆ ತೋರಸ್ತೇನಿ" ಎಂದು ಚಹಾದಂಗಡಿಯವರು ನಕ್ಕರು. ಅವರ ಮಾತು ಸುಳ್ಳಲ್ಲ. ಒಕ್ಕಲಿನ ಕಾಲ. ಮನೆ ಮುಂದೆ, ಗುಡಿ ಕಟ್ಟೆಯ ಪಕ್ಕ, ಡಾಂಬರು ರಸ್ತೆಯ ಅರ್ಧಕ್ಕೂ ಗೋವಿನಜೋಳ ಹರವಿದ್ದಾರೆ. ರಾಶಿಯ ಪಕ್ಕ ಒಂದೊಂದು ನಾಯಿ ಮಲಗಿದೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಯಿ ಬೆಕ್ಕು. ಈ ಊರಿನಲ್ಲಿ ಮೂವರೂ ಹಳೆಯ ಒಕ್ಕಲು. ಆದರೆ ನಾನು ಕೇಳಿಕೊಂಡು ಬಂದ ಮನೆಯ ಇಲಿಗೆ ಹೆಸರಿದೆ, ಪಂಜರವಿದೆ, ಊಟದ ಹೊತ್ತಿದೆ. ಅದೇ ಮನೆಯಲ್ಲಿ ಎರಡು ನಾಯಿಗಳೂ ಇವೆ.

ಹಳೆಯ ಮಣ್ಣಿನ ಗೋಡೆಯ ಮನೆ. ಕಟ್ಟೆ, ಪಡಸಾಲೆ, ನಡುಮನೆ, ಹಿಂದೆ ಅಡುಗೆಮನೆ, ಬಲಕ್ಕೆ ಒಂದು ಒಳಕೋಣೆ. ಕಟ್ಟೆ ಹತ್ತುತ್ತಿದ್ದಂತೆ ಕಂದು ಬಣ್ಣದ ಓಣಿ ನಾಯಿ ಬೊಗಳಿತು, ಮೂಸಿತು, ಬಾಲ ಆಡಿಸಿ ಸುಮ್ಮನಾಯಿತು. ಇನ್ನೊಂದು, ಮುಧೋಳದ ರಕ್ತ ಇರಬಹುದಾದ ಉದ್ದಕಾಲಿನ, ಸಣ್ಣ ನಡುವಿನ ನಾಯಿ. ಅದು ನನ್ನನ್ನು ನೋಡಲೇ ಇಲ್ಲ. ಒಳಕೋಣೆಯ ಬಾಗಿಲಿಗೆ ಮೂಗು ಹಚ್ಚಿ, ಕಿವಿ ನೆಟ್ಟಗೆ ಮಾಡಿ ಕುಳಿತಿತ್ತು.

"ಅದಕ್ಕ ಇಲಿ ಮ್ಯಾಲೆ ಭಾಳ ಪ್ರೀತಿ ಅನ್ರಿ" ಎಂದೆ.

"ಪ್ರೀತಿ ಅಲ್ರಿ ಸರ, ಹಸಿವು" ಎಂದ ಮನೆಯ ಹುಡುಗ. ಶಿವಮೊಗ್ಗದಲ್ಲಿ ಪದವಿ ಓದುವಾಗ ಅಲ್ಲಿನ ಅಂಗಡಿಯೊಂದರಲ್ಲಿ ಇಲಿಮರಿಗಳನ್ನು ಕಂಡು ತಂದವನು ಇವನು.

ಈ ಉತ್ತರ ಕೇಳಿ ಅವನ ಮೇಲೆ ನನಗೆ ನಂಬಿಕೆ ಬಂತು. ಮೊಬೈಲಿನಲ್ಲಿ ನಾಯಿಯ ಬೆನ್ನ ಮೇಲೆ ಇಲಿ ಕುಳಿತ, ಇಬ್ಬರೂ ಒಂದೇ ಚಾಪೆಯ ಮೇಲೆ ನಿದ್ದೆ ಹೋದ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಅವು ಸುಳ್ಳೆನ್ನಲಾರೆ. ಆದರೆ ಆ ಅರ್ಧ ನಿಮಿಷದ ಆಚೆ ಏನಾಯಿತೆಂದು ಯಾರೂ ತೋರಿಸುವುದಿಲ್ಲ. ಬೆಳೆದ ಸಾಕು ಇಲಿಯ ತೂಕ ಮುನ್ನೂರು ಗ್ರಾಂ ಆಸುಪಾಸು. ನಾಯಿ ಸಿಟ್ಟಿನಿಂದ ಕಚ್ಚಬೇಕೆಂದಿಲ್ಲ, ಆಟಕ್ಕೆ ಬಾಯಿ ಹಾಕಿ ಒಮ್ಮೆ ಕೊಡವಿದರೆ ಮುಗಿಯಿತು. ಮುಧೋಳ ನಾಯಿಯಂತೂ ಕಣ್ಣಿನಿಂದ ಬೇಟೆಯಾಡುವ ಜಾತಿ. ಓಡುವುದು ಕಂಡರೆ ಬೆನ್ನಟ್ಟಬೇಕೆಂಬುದು ಅದರ ಹುಟ್ಟುಗುಣ, ಯಜಮಾನನ ಬೈಗುಳಕ್ಕೆ ಬಗ್ಗುವಂಥದ್ದಲ್ಲ.

ಒಳಕೋಣೆಗೆ ಹೋಗುವುದಕ್ಕೂ ಒಂದು ಕ್ರಮವಿದೆ. ಮೊದಲು ನಾಯಿಗಳನ್ನು ಕಟ್ಟೆಗೆ ಕಳಿಸಿ ಪಡಸಾಲೆಯ ಬಾಗಿಲು ಹಾಕಬೇಕು. ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಒಳಕೋಣೆಯ ಬಾಗಿಲು ತೆಗೆಯಬೇಕು. ಎರಡೂ ಒಟ್ಟಿಗೆ ತೆರೆದಿರಕೂಡದು. ಹಳೆಯ ಎರಡು ಪಡಿಯ ಬಾಗಿಲು, ಹೊಸ್ತಿಲ ಹತ್ತಿರ ಸವೆದು ಸಂದು ಬಿದ್ದಿತ್ತು. ಅಲ್ಲಿಗೆ ಹಲಗೆ ಹೊಡೆದಿದ್ದಾನೆ. ಪಂಜರ ಮೇಜಿನ ಮೇಲಿದೆ, ಗೋಡೆಯ ಗೂಟಕ್ಕೆ ತಂತಿಯಿಂದ ಬಿಗಿದಿದೆ. ನಾಯಿ ಹೇಗೋ ಒಳಗೆ ನುಗ್ಗಿ ಮೇಜಿಗೆ ಹಾರಿದರೂ ಪಂಜರ ಉರುಳದು. ಕಂಬಿಗಳ ನಡುವಿನ ಸಂದು ಅರ್ಧ ಇಂಚು. ಅದಕ್ಕಿಂತ ಅಗಲವಾದರೆ ಮರಿ ನುಸುಳೀತು, ನಾಯಿಯ ಹಲ್ಲೂ ಒಳಗೆ ಹೊಕ್ಕೀತು.

ಇಲಿಗಳು ಎರಡು, ಎರಡೂ ಹೆಣ್ಣು. ತಲೆ ಹೆಗಲು ಕಪ್ಪು, ಉಳಿದ ಮೈ ಬಿಳಿ. ಒಂದೇ ಇಲಿ ಸಾಕಿದರೆ ಅದು ಮಂಕಾಗುತ್ತದೆ, ಅವಕ್ಕೆ ಸಂಗಾತಿ ಬೇಕೇ ಬೇಕು. ಗಂಡು ಹೆಣ್ಣು ಕೂಡಿಟ್ಟರೋ, ಮೂರು ವಾರದ ಬಸಿರು, ಸೂಲಿಗೆ ಎಂಟು ಹತ್ತು ಮರಿ. ಆ ಮರಿಗಳು ಐದಾರು ವಾರಕ್ಕೆ ತಾವೇ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ಲೆಕ್ಕ ಓದುಗರೇ ಹಾಕಲಿ. ಆಯುಸ್ಸು ಮಾತ್ರ ಎರಡು, ಹೆಚ್ಚೆಂದರೆ ಮೂರು ವರ್ಷ.

ಹುಡುಗ ಒಂದು ಕಾಳು ಗೋವಿನಜೋಳ ಕೊಟ್ಟ. ಇಲಿ ಹಿಂಗಾಲ ಮೇಲೆ ಕುಳಿತು ಎರಡೂ ಕೈಯಲ್ಲಿ ಹಿಡಿಯಿತು. ಕಾಳನ್ನು ತಿರುವಿ ತಿರುವಿ ನೋಡಿ, ತುದಿಯ ಮೊಳಕೆಯ ಭಾಗವನ್ನಷ್ಟೇ ಕೊರೆದು ತಿಂದು, ಹಿಟ್ಟಿನ ಭಾಗ ಕೆಳಗೆ ಹಾಕಿ, ಇನ್ನೊಂದಕ್ಕೆ ಕೈ ಚಾಚಿತು. ಊರಿನ ರೈತರು ಇಲಿ ತಿಂದ ಬೀಜ ಮೊಳೆಯುವುದಿಲ್ಲ ಎಂದು ಗೊಣಗುವುದೇಕೆಂದು ಅಷ್ಟು ಹತ್ತಿರದಿಂದ ನೋಡಿದ ಮೇಲೆ ತಿಳಿಯಿತು. ತಿಂದಾದ ಮೇಲೆ ಅದು ಪಂಜರದೊಳಗಿನ ಒಡೆದ ಮಡಿಕೆಗೆ ಹೊಕ್ಕಿತು. ಇಲಿಗೆ ಸೆಕೆ ತಡೆಯದು. ಮೈಯ ಕಾವು ಹೊರಹೋಗುವ ಒಂದು ಮುಖ್ಯ ದಾರಿ ಆ ಬೋಳು ಬಾಲ. ಚೈತ್ರದ ಬಿಸಿಲಿಗೆ ಹುಡುಗ ಮಡಿಕೆಯ ಹೊರಮೈಗೆ ನೀರು ಚಿಮುಕಿಸುತ್ತಾನೆ. ಕುಂಬಾರಿಕೆಯ ನೆನಪಿರುವ ಊರಿನಲ್ಲಿ ಮಡಿಕೆಗೆ ಇಂಥದ್ದೊಂದು ಉಪಯೋಗ ಕಂಡು ಖುಷಿಯಾಯಿತು.

ಅಷ್ಟರಲ್ಲಿ ಹೊರಗಿನಿಂದ ಮುಧೋಳದ ನಾಯಿ ಬಾಗಿಲು ಕೆರೆಯಿತು. ಒಳಗೆ ಇಲಿಗಳು ಸದ್ದೇ ಮಾಡಿರಲಿಲ್ಲ, ಅಂದರೆ ನಮ್ಮ ಕಿವಿಗೆ ಕೇಳುವ ಸದ್ದು. ಹೆದರಿದ ಇಲಿ ಸುಮಾರು 22 ಕಿಲೋಹರ್ಟ್ಜ್‌ನಲ್ಲಿ ಕೂಗುತ್ತದೆ, ಖುಷಿಯಾದಾಗ 50ರ ಆಸುಪಾಸಿನಲ್ಲಿ. ಮನುಷ್ಯನ ಕಿವಿ 20ಕ್ಕೇ ಕೈ ಚೆಲ್ಲುತ್ತದೆ. ನಾಯಿಯದು 45ರವರೆಗೂ ಹೋಗುತ್ತದೆ. ಹೀಗಾಗಿ ಇಲಿಯ ಭಯ ಮನೆಯವರಿಗೆ ಕೇಳಿಸದಿದ್ದರೂ ಬಾಗಿಲಾಚೆಯ ನಾಯಿಗೆ ಕೇಳಿಸುತ್ತದೆ. ಇತ್ತ ನಾಯಿಯ ವಾಸನೆ ಇಲಿಗೆ ಬಡಿಯುತ್ತಲೇ ಇರುತ್ತದೆ. ನಾಯಿ ಮುಟ್ಟದಿದ್ದರೂ ಹಗಲಿರುಳು ಅದರ ವಾಸನೆಯಲ್ಲೇ ಬದುಕುವುದು ಇಲಿಗೆ ಸುಖವಲ್ಲ. ನಾಯಿಯ ಮೈ ಮುಟ್ಟಿದ ಕೈ ತೊಳೆಯದೆ ಹುಡುಗ ಇಲಿ ಎತ್ತುವುದಿಲ್ಲ.

ಒಂದು ಹಳೆಯ ಸಂಗತಿ ಇಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬೊಬ್ಬನಿದ್ದ. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ. ಹಿಡಿದ ಇಲಿಗಳಲ್ಲಿ ಬಣ್ಣ ವಿಚಿತ್ರವಾದವನ್ನು ಬೇರೆ ಇಟ್ಟು, ಮರಿ ಮಾಡಿಸಿ, ಸಾಕಲು ಮಾರುತ್ತಿದ್ದ. ಅದೇ ಊರಿನಲ್ಲಿ ಗುಂಡಿಯೊಳಗೆ ಇಲಿಗಳನ್ನು ಬಿಟ್ಟು, ಯಾವ ನಾಯಿ ಎಷ್ಟು ಬೇಗ ಎಷ್ಟನ್ನು ಕೊಲ್ಲುತ್ತದೆಂದು ಬಾಜಿ ಕಟ್ಟುವ ಆಟವೂ ಜೋರಾಗಿತ್ತು. ಸಾಕು ಇಲಿ ಮತ್ತು ಇಲಿ ಕೊಲ್ಲುವ ನಾಯಿ, ಎರಡೂ ಒಂದೇ ದಂಧೆಯ ಅಕ್ಕಪಕ್ಕದ ಸರಕು. ಈಗ ಅವನ್ನು ಒಂದೇ ಮನೆಯಲ್ಲಿಟ್ಟು ಅಣ್ಣತಮ್ಮಂದಿರಾಗಿರಿ ಎನ್ನುವುದು ಮನುಷ್ಯನ ಹುಮ್ಮಸ್ಸು.

ಅಜ್ಜಿಗೆ ಇದಾವುದೂ ಸರಿಬಂದಿಲ್ಲ. "ಇಲಿ ಬಿದ್ರ ಮನಿ ಬಿಟ್ಟು ಹೊಲಕ್ಕ ಹೋಗಿ ಗುಡಸಲಾ ಹಾಕ್ಕೊಂತಿದ್ರಂತ ತಮ್ಮಾ, ನಮ್ಮತ್ತಿ ಹೇಳ್ತಿದ್ಲು. ಇಂವ ನೋಡು, ರೊಕ್ಕಾ ಕೊಟ್ಟು ತಂದಾನ." ಅವರ ಅತ್ತೆಯ ಕಾಲದ ಭಯ ಪ್ಲೇಗಿನದು. 1898ರಲ್ಲಿ ಹುಬ್ಬಳ್ಳಿಯನ್ನು ನಡುಗಿಸಿದ ಆ ರೋಗ ಧಾರವಾಡ ಸೀಮೆಯ ಹಳ್ಳಿಗಳಿಗೆ ಮತ್ತೆ ಮತ್ತೆ ಬಂತು. ಇಲಿ ಸತ್ತರೆ ಅದರ ಮೈಮೇಲಿನ ಚಿಗಟಗಳು ಮನುಷ್ಯನ ಮೈ ಹುಡುಕುತ್ತವೆ. ಊರು ಬಿಡುವುದು ಮೂಢನಂಬಿಕೆಯಾಗಿರಲಿಲ್ಲ, ರೋಗದಿಂದ ಪಾರಾಗುವ ದಾರಿಯಾಗಿತ್ತು.

ಅಜ್ಜಿ ನಡುಮನೆಯ ಜಂತಿಯಿಂದ ಇಳಿಬಿಟ್ಟ ನೆಲುವು ತೋರಿಸಿದರು. ಹಗ್ಗದ ಜಾಲಿಯಲ್ಲಿ ಮೊಸರಿನ ಗಡಿಗೆ, ಬೆಕ್ಕು ಇಲಿ ಎರಡಕ್ಕೂ ನಿಲುಕದ ಎತ್ತರ. ಅಂಗಳದಲ್ಲಿ ಮುಚ್ಚಿಹೋದ ಹಗೇವಿನ ಗುರುತೂ ಇದೆ. ನೆಲ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಗಾಳಿ ಕೆಡುತ್ತಿತ್ತು, ಹುಳವೂ ಬದುಕುತ್ತಿರಲಿಲ್ಲ. ತೆಗೆದ ಕೂಡಲೇ ಇಳಿದ ಮನುಷ್ಯನೂ ಉಸಿರುಗಟ್ಟಿ ಸಾಯಬಹುದಾದ್ದರಿಂದ ಬಾಯಿ ತೆರೆದು ಕಾಯುತ್ತಿದ್ದರು. ಇಲಿಯಿಂದ ಕಾಳು ಉಳಿಸಲು ಹಿಂದಿನವರು ನಂಬಿದ್ದು ಇಂಥ ಎತ್ತರ, ಆಳ, ಮುಚ್ಚಳಗಳನ್ನು. ಹುಡುಗನ ಎರಡು ಬಾಗಿಲಿನ ಕ್ರಮಕ್ಕೂ ಇದಕ್ಕೂ ನಂಟಿದೆ ಎಂದರೆ ಅಜ್ಜಿ ಒಪ್ಪಲಾರರು, ನಾನು ಹೇಳಲೂ ಹೋಗಲಿಲ್ಲ.

ಹಗೇವು ಹೋಗಿ ಚೀಲ ಬಂತು, ಚೀಲದ ಹಿಂದೆ ಇಲಿ ಪಾಷಾಣ ಬಂತು. ನನ್ನ ದೃಷ್ಟಿಯಲ್ಲಿ ಈ ಮನೆಯ ನಿಜವಾದ ಅಪಾಯ ಅದೇ. ಅಟ್ಟದ ಮೇಲೆ ಕರಿ ಇಲಿಗಳಿವೆ, ಹತ್ತುವುದರಲ್ಲಿ ನಿಸ್ಸೀಮ ಜಾತಿ. ಹೊಲದ ಬದುವಿನಲ್ಲಿ ಹೆಗ್ಗಣಗಳಿವೆ. ಊರಿನಲ್ಲಿ ಹೆಚ್ಚಾಗಿ ಬಳಸುವುದು ಎರಡು ಬಗೆ ವಿಷ. ಕಪ್ಪು ಬೂದಿಯಂಥ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಗಾಳಿಯಾಗುತ್ತದೆ. ನಾಯಿ ತಿಂದರೆ ಕೆಲವೇ ತಾಸಿನಲ್ಲಿ ವಾಂತಿ, ತಡಬಡಿಕೆ, ಇದಕ್ಕೆ ಪ್ರತಿಮದ್ದಿಲ್ಲ. ಬಿಲ್ಲೆಯ ರೂಪದಲ್ಲಿ ಸಿಗುವ ಬ್ರೊಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ತೂಕಡಿಸುತ್ತ ಅಂಗಳಕ್ಕೆ ಬರುತ್ತದೆ. ಅಂಥದ್ದನ್ನು ಹಿಡಿಯುವುದು ನಾಯಿಗೆ ಸುಲಭ. ವಿಷದ ಇಲಿಗಳನ್ನು ತಿನ್ನುತ್ತ ಹೋದ ನಾಯಿಗೆ ಎರಡು ಮೂರು ದಿನ ಏನೂ ಆಗದಂತಿದ್ದು, ಆಮೇಲೆ ಒಸಡು ಬಿಳಿಚಿಕೊಳ್ಳುತ್ತದೆ, ಮೂಗಿನಲ್ಲಿ ರಕ್ತ ಕಾಣುತ್ತದೆ. ಬೇಗ ತಿಳಿದರೆ ವಿಟಮಿನ್ ಕೆ-1 ವಾರಗಟ್ಟಲೆ ಕೊಟ್ಟು ಉಳಿಸಿಕೊಳ್ಳಬಹುದು. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಸಾಕಿದ ಇಲಿ ಪಂಜರದಿಂದ ತಪ್ಪಿಸಿಕೊಂಡು ಅಟ್ಟ ಸೇರಿ ಆ ಬಿಲ್ಲೆ ತಿಂದರೆ ಅಲ್ಲಿಗೆ ಮುಗಿಯಿತು. ಹುಡುಗನ ಹಟಕ್ಕೆ ಈ ಮನೆಯಲ್ಲಿ ಪಾಷಾಣ ನಿಂತು ಬೋನು ಬಂದಿದೆ. ಪಕ್ಕದ ಮನೆಯಲ್ಲಿ ನಿಂತಿಲ್ಲ. ಕಂದು ನಾಯಿಗೆ ಗೋಡೆ ಹಾರಲು ಬರುತ್ತದೆ.

ಇನ್ನೊಂದು, ಇಲಿ ಜ್ವರ. ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಾಣು ಇಲಿಯ ಮೂತ್ರಪಿಂಡದಲ್ಲಿ ಅದಕ್ಕೆ ತೊಂದರೆ ಕೊಡದೆ ಇದ್ದು, ಮೂತ್ರದ ಮೂಲಕ ಕೆಸರು, ನಿಂತ ನೀರು ಸೇರುತ್ತದೆ. ಅಲ್ಲಿಂದ ನಾಯಿಗೂ ಮನುಷ್ಯನಿಗೂ. ಅಂಗಡಿಯಿಂದ ತಂದ ಇಲಿಯೂ ಇದಕ್ಕೆ ಹೊರತೆಂದು ತಿಳಿಯಬೇಕಿಲ್ಲ. ನಾಯಿಗೆ ಹಾಕಿಸುವ ಕೂಡು ಲಸಿಕೆಗಳಲ್ಲಿ ಎಲ್ಲದರಲ್ಲೂ ಇದು ಇರುವುದಿಲ್ಲ. ಇದೆಯೇ ಎಂದು ಪಶುವೈದ್ಯರನ್ನು ಕೇಳಿ, ಪ್ರತಿವರ್ಷ ಹಾಕಿಸಬೇಕು. ಪಂಜರದ ಹಾಸು ಬದಲಿಸುವಾಗ ಹುಡುಗ ಕೈಗವಸು ಹಾಕುತ್ತಾನೆ, ಹಳೆಯ ಹಾಸನ್ನು ತಿಪ್ಪೆಗೆ ಚೆಲ್ಲದೆ ಸುಡುತ್ತಾನೆ, ಏಕೆಂದರೆ ತಿಪ್ಪೆಯಲ್ಲಿ ಮೊದಲು ಮೂಗಿಡುವುದು ನಾಯಿಗಳೇ.

ಕಾನೂನಿನ ಮಾತು ಒಂದಿಷ್ಟು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಪರಿಚ್ಛೇದದಲ್ಲಿ ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿಗಳು ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಸಾಕುಪ್ರಾಣಿ ಮಾರುವ ಅಂಗಡಿಗಳಿಗೆ 2018ರ ನಿಯಮಗಳ ಪ್ರಕಾರ ನೋಂದಣಿ ಬೇಕು. ಕೊಳ್ಳುವವರು ಅದನ್ನು ಕೇಳಿ ನೋಡಬಹುದು.

ನಾಯಿ ಇರುವ ಮನೆಯಲ್ಲಿ ಇಲಿ ಸಾಕಬಹುದೇ ಎಂದು ಕೇಳಿದವರಿಗೆ ಮಾಸೂರಿನ ಈ ಮನೆ ನೋಡಿ ಬಂದ ನನ್ನ ಉತ್ತರ ಇಷ್ಟು: ಸಾಕಬಹುದು, ಒಂದೇ ಸೂರಿನಡಿ ಎರಡು ಬೇರೆ ಮನೆಗಳೆಂಬಂತೆ. ಅವೆರಡರ ಗೆಳೆತನ ಮಾಡಿಸಲು ಹೋಗಬೇಡಿ, ಮೊಬೈಲಿಗಾಗಿಯಂತೂ ಬೇಡವೇ ಬೇಡ. ಪಂಜರ ಕೊಳ್ಳುವ ಮೊದಲು ಒಮ್ಮೆ ಅಟ್ಟ ಹತ್ತಿ, ಮೂಲೆಯಲ್ಲಿಟ್ಟು ಮರೆತ ಪಾಷಾಣವನ್ನು ತೆಗೆದುಹಾಕಿ, ಪಕ್ಕದ ಮನೆಯವರಿಗೂ ಹೇಳಿ. ನಾಯಿಯ ಲಸಿಕೆ ಚೀಟಿ ತೆಗೆದು ತಾರೀಖು ನೋಡಿ. ಇಷ್ಟು ಮಾಡಲು ಪುರುಸೊತ್ತಿಲ್ಲದವರು ನಾಯಿಯನ್ನಷ್ಟೇ ಸಾಕಿಕೊಳ್ಳಲಿ.