ಟ್ರಾಕ್ಟರಿನ ಎಂಜಿನ್ ಎಣ್ಣೆ: ಆಯ್ಕೆಯೂ ಬದಲಾವಣೆಯೂ

ಎತ್ತಿಗೆ ಮೈ ಸರಿಯಿಲ್ಲವಾದರೆ ಅದು ಮೇವು ಬಿಡುವುದು, ಕಿವಿ ಜೋಲಿಸುವುದು. ಒಕ್ಕಲಿಗನಿಗೆ ಒಡನೆಯೇ ತಿಳಿದುಬರುವುದು. ಎಂಜಿನ್ನಿಗೆ ಅಂತಹ ಲಕ್ಷಣಗಳಿಲ್ಲ. ಒಳಗಣ ಎಣ್ಣೆಯು ಸತ್ತ್ವಗೆಟ್ಟು ಬೇರಿಂಗುಗಳು ಸವೆಯುತ್ತಿದ್ದರೂ ಟ್ರಾಕ್ಟರು ಮೊದಲಿನಂತೆಯೇ ನೇಗಿಲನ್ನೆಳೆಯುತ್ತಿರುವುದು. ದೋಷವು ಹೊರಬೀಳುವುದು ಪ್ರಾಯಶಃ ಮುಂಗಾರಿನ ಹದ ಬಂದು, ಉಳುಮೆಗೆ ಊರೆಲ್ಲ ಕಾದು ನಿಂತಿರುವ ದಿನದಲ್ಲಿಯೇ. ಆಗ ಎಂಜಿನ್ನನ್ನು ಬಿಚ್ಚಿಸಿ ಕಟ್ಟಿಸುವ ವೆಚ್ಚವು ಅನೇಕ ವರ್ಷಗಳ ಎಣ್ಣೆಯ ಬೆಲೆಯನ್ನು ಮೀರುವುದಲ್ಲದೆ, ಹದವೂ ಕೈತಪ್ಪುವುದು. ಸಾಲದ ಕಂತಾದರೋ ಯಾರಿಗಾಗಿಯೂ ನಿಲ್ಲತಕ್ಕದ್ದಲ್ಲ.

ಎಂಜಿನ್ನಿನಲ್ಲಿ ಎಣ್ಣೆಗೆ ಜಾರಿಸುವುದೊಂದೇ ಕೆಲಸವೆಂದು ಭಾವಿಸುವುದು ಸರಿಯಲ್ಲ. ಅದು ಶಾಖವನ್ನು ಹೊತ್ತೊಯ್ಯುವುದು. ಡೀಸೆಲ್ ಉರಿದಾಗ ಹುಟ್ಟುವ ಆಮ್ಲವನ್ನು ಮುರಿಯುವುದು. ಮಸಿಯನ್ನು ಒಂದೆಡೆ ಗಟ್ಟಿಗಟ್ಟಗೊಡದೆ ತನ್ನಲ್ಲಿ ತೇಲಿಸಿಕೊಂಡಿರುವುದು. ಹೊಸ ಎಣ್ಣೆಯು ಕೆಲವು ಗಂಟೆಗಳಲ್ಲಿಯೇ ಕಪ್ಪಾಗುವುದು ಈ ಕಡೆಯ ಕಾರಣದಿಂದಲೇ. ಕಪ್ಪಾಯಿತೆಂದು ಹಳಿಯುವುದೂ, ಹಳದಿಯಾಗಿಯೇ ಉಳಿದಿದೆಯೆಂದು ಮೆಚ್ಚುವುದೂ ಎರಡೂ ತಪ್ಪು. ಹೆದರಬೇಕಾದುದು ಬೇರೆ ಎರಡು ಚಿಹ್ನೆಗಳಿಗೆ. ಎಣ್ಣೆಯು ಹಾಲು ಬೆರೆತಂತೆ ಬಿಳಿಚಿದ್ದರೆ ನೀರು ಸೇರಿದೆಯೆಂದೂ, ಅಳತೆಯ ಕಡ್ಡಿಯಲ್ಲಿ ಮಟ್ಟವು ತಾನಾಗಿಯೇ ಏರಿ ಡೀಸೆಲ್ಲಿನ ವಾಸನೆ ಬಂದರೆ ಇಂಧನವು ಒಳಗೆ ಸೋರುತ್ತಿದೆಯೆಂದೂ ತಿಳಿಯತಕ್ಕದ್ದು. ಇಂತಹ ಸಂದರ್ಭದಲ್ಲಿ ಎಣ್ಣೆಯನ್ನು ಬದಲಾಯಿಸಿದ ಮಾತ್ರದಿಂದ ರೋಗವು ವಾಸಿಯಾಗದು. ಸೋರುವ ಜಾಗವನ್ನು ಹುಡುಕಿಸಬೇಕು.

ಅಂಗಡಿಯಲ್ಲಿ ನೋಡಬೇಕಾದುದು ಕ್ಯಾನಿನ ಬಣ್ಣವನ್ನೂ ಚಿತ್ರವನ್ನೂ ಅಲ್ಲ, ಅದರ ಮೇಲಣ ಎರಡು ಗುರುತುಗಳನ್ನು. ಮೊದಲನೆಯದು ಎಣ್ಣೆಯ ಮಂದತೆಯ ಗುರುತು. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು ೧೯೧೧ರಲ್ಲಿ ಆರಂಭಿಸಿದ ಕ್ರಮವೇ ತಿದ್ದುಪಡಿಗಳೊಡನೆ ಈಗಲೂ ನಡೆದುಬರುತ್ತಿದೆ. ‘೧೫ಡಬ್ಲ್ಯು-೪೦’ ಎಂದಿದ್ದಲ್ಲಿ ಮುಂದಿನ ಸಂಖ್ಯೆಯು ಚಳಿಯಲ್ಲಿ ಎಣ್ಣೆಯು ಹರಿಯುವ ಪರಿಯನ್ನೂ, ಹಿಂದಿನ ೪೦ ಎಂಬುದು ೧೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಉಳಿಯುವ ಮಂದತೆಯನ್ನೂ ತಿಳಿಸುವುವು. ಹಿಮ ಬೀಳದ ನಮ್ಮ ಸೀಮೆಯಲ್ಲಿ ಎರಡನೆಯದಕ್ಕೇ ಹೆಚ್ಚು ಬೆಲೆ. ಎರಡನೆಯ ಗುರುತು ಎಣ್ಣೆಯ ಗುಣದರ್ಜೆ. ಅದು ‘ಸಿ’ ಅಕ್ಷರದಿಂದ ಮೊದಲಾದರೆ ಡೀಸೆಲ್ ಎಂಜಿನ್ನಿಗೂ, ‘ಎಸ್’ ಅಕ್ಷರದಿಂದ ಮೊದಲಾದರೆ ಪೆಟ್ರೋಲ್ ಎಂಜಿನ್ನಿಗೂ ತಕ್ಕುದು. ಸಿಎಫ್-೪ ಎಂಬುದು ೧೯೯೦ರ ದರ್ಜೆ, ಸಿಐ-೪ ೨೦೦೨ರದು, ಸಿಕೆ-೪ ೨೦೧೬ರದು. ಹಳೆಯ ಎಂಜಿನ್ನಿಗೆ ಹೊಸ ದರ್ಜೆಯ ಎಣ್ಣೆಯು ಸಾಮಾನ್ಯವಾಗಿ ಒಗ್ಗುವುದು. ಹೊಸ ಎಂಜಿನ್ನಿಗೆ ಹಳೆಯ ದರ್ಜೆಯದು ಒಗ್ಗದು. ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ ೨೦೨೩ನೆಯ ಜನವರಿಯಿಂದ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದಿವೆ. ಇವುಗಳಲ್ಲಿ ಹೊಗೆಕೊಳವೆಗೆ ಮಸಿ ಹಿಡಿಯುವ ಫಿಲ್ಟರು ಇದ್ದರೆ, ಬೂದಿ ಹೆಚ್ಚಿರುವ ಎಣ್ಣೆಯು ಅದನ್ನು ಕಟ್ಟಿಬಿಡುವುದು. ಯಾವ ಟ್ರಾಕ್ಟರಿಗೆ ಯಾವುದೆಂಬುದು ಅದರೊಡನೆ ಕೊಟ್ಟ ಕೈಪಿಡಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿರುವುದು. ಆ ಪುಸ್ತಕವು ಎಷ್ಟೋ ಮನೆಗಳಲ್ಲಿ ಸಾಲದ ಕಾಗದಗಳ ಕಟ್ಟಿನೊಳಗೆ ಅಡಗಿಬಿಟ್ಟಿರುವುದು ಶೋಚನೀಯ.

ಗೇರುಪೆಟ್ಟಿಗೆಗೂ ಹೈಡ್ರಾಲಿಕ್ಕಿಗೂ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೂ ಹಾಕುವ ಎಣ್ಣೆಯೇ ಬೇರೆ. ಒಂದರ ಜಾಗಕ್ಕೆ ಮತ್ತೊಂದನ್ನು ಸುರಿದರೆ ಬ್ರೇಕು ಹಿಡಿಯದೆ ಪ್ರಾಣಕ್ಕೆ ಕುತ್ತಾಗಬಹುದು.

ಬದಲಾವಣೆಯ ಕಾಲವನ್ನು ಟ್ರಾಕ್ಟರಿನಲ್ಲಿ ತಿಂಗಳಿನಿಂದಲೂ ಮೈಲಿಯಿಂದಲೂ ಎಣಿಸದೆ ಗಂಟೆಯ ಮೀಟರಿನಿಂದಲೇ ಮುಖ್ಯವಾಗಿ ಎಣಿಸುವರು. ಹೊಸ ಟ್ರಾಕ್ಟರಿಗೆ ಬಹುಮಟ್ಟಿಗೆ ಮೊದಲ ೫೦ ಗಂಟೆಗಳಾದ ಮೇಲೂ, ಅನಂತರ ಅನೇಕ ಮಾದರಿಗಳಿಗೆ ೨೫೦ ಗಂಟೆಗಳಿಗೊಮ್ಮೆಯೂ ವಿಧಿಸಿದ್ದಾರೆ. ಕೈಪಿಡಿಯ ಮಾತೇ ಪ್ರಮಾಣ. ಒಕ್ಕಣೆಯ ಯಂತ್ರಕ್ಕೆ ಕಟ್ಟಿ ಧೂಳಿನಲ್ಲಿ ನಿಲ್ಲಿಸುವವರೂ, ಕೆಸರುಗದ್ದೆಯಲ್ಲಿ ದಿನವಿಡೀ ದುಡಿಸುವವರೂ ಸ್ವಲ್ಪ ಮುಂಚಿತವಾಗಿಯೇ ಬದಲಾಯಿಸುವುದು ಲೇಸು. ಬಾಡಿಗೆಗೆ ಓಡುವ ಟ್ರಾಕ್ಟರಿಗೆ ಚಾಲಕರು ಹಲವರು. ಕಡೆಯ ಬದಲಾವಣೆಯ ಗಂಟೆಯನ್ನು ಬಣ್ಣದಿಂದ ಮಡ್‌ಗಾರ್ಡಿನ ಒಳಮೈಮೇಲೆ ಬರೆದಿಟ್ಟರೆ ಒಬ್ಬರು ಮತ್ತೊಬ್ಬರ ಮೇಲೆ ಹಾಕುವ ಸಂದರ್ಭವೇ ಬರದು.

ಇನ್ನು, ಕೆಲಸವನ್ನು ಯಾರಿಂದ ಮಾಡಿಸತಕ್ಕದ್ದು? ವಾರಂಟಿಯ ಅವಧಿಯಲ್ಲಿ ಕಂಪೆನಿಯ ವರ್ಕ್‌ಷಾಪಿನಲ್ಲಿ ಮಾಡಿಸಿ ರಸೀತಿ ಪಡೆಯುವುದೇ ಕ್ಷೇಮ. ಎಂಜಿನ್ ಕೆಟ್ಟಾಗ ಆ ರಸೀತಿಯೇ ಸಾಕ್ಷಿ. ಆಮೇಲೆ ಊರಿನ ಮೆಕ್ಯಾನಿಕ್ಕನೂ ಸಾಕು, ಆದರೆ ಅವನ ರೀತಿಯನ್ನು ನೋಡಿ ಒಪ್ಪಬೇಕು. ಬಲ್ಲವನು ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಎಣ್ಣೆಯನ್ನು ಪೂರ್ಣವಾಗಿ ಇಳಿಸುವನು. ಫಿಲ್ಟರನ್ನೂ ಜೊತೆಗೇ ಬದಲಾಯಿಸುವನು. ತುಂಬಿದ ಮೇಲೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಮಟ್ಟವನ್ನು ತಿರುಗಿ ಅಳೆಯುವನು. ಹಳೆಯ ಫಿಲ್ಟರೇ ಇರಲೆನ್ನುವವನೂ, ‘ಸ್ವಲ್ಪ ಹೆಚ್ಚೇ ಇರಲಿ’ ಎಂದು ಮೇಲಿನ ಗೆರೆಯನ್ನು ದಾಟಿ ಸುರಿಯುವವನೂ ಉಪಕಾರ ಮಾಡಿದಂತೆ ಕಂಡರೂ ಮಾಡುವುದು ಅಪಕಾರವೇ. ಎಣ್ಣೆ ಹೆಚ್ಚಾದರೆ ಕ್ರ್ಯಾಂಕು ಅದನ್ನು ಕಡೆದು ನೊರೆಯೇಳಿಸುವುದು, ನೊರೆಗೆ ಬೇರಿಂಗನ್ನು ಕಾಪಾಡುವ ಶಕ್ತಿಯಿಲ್ಲ. ಯಜಮಾನನು ಎದುರಿಗೆ ನಿಂತಿರಗೊಡದ ಗ್ಯಾರೇಜಿಗೆ ಮತ್ತೊಮ್ಮೆ ಹೋಗಬೇಕಾದುದಿಲ್ಲ.

ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳತಕ್ಕದ್ದಲ್ಲ. ಮುದ್ರೆ ಒಡೆಯದ ಕ್ಯಾನನ್ನು ಎದುರಿನಲ್ಲಿಯೇ ತೆರೆಸಿ, ತಯಾರಾದ ದಿನಾಂಕವನ್ನೂ ಬ್ಯಾಚಿನ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಒಳ್ಳೆಯ ಹೆಸರಿನ ಖಾಲಿ ಕ್ಯಾನುಗಳನ್ನು ಕೊಂಡು ಕೀಳು ಎಣ್ಣೆಯನ್ನು ತುಂಬಿ ಮಾರುವ ಮೋಸವು ಉಂಟಾದುದರಿಂದ, ಖಾಲಿಯಾದುದಕ್ಕೆ ಮೊಳೆಯಿಂದ ನಾಲ್ಕಾರು ತೂತು ಹೊಡೆದು ಬಿಡುವುದು ನೆರೆಯ ರೈತನಿಗೂ ಹಿತ.

ಇಳಿಸಿದ ಹಳೆಯ ಎಣ್ಣೆಯನ್ನು ಬದುವಿಗೋ ಚರಂಡಿಗೋ ಚೆಲ್ಲುವ ವಾಡಿಕೆಯು ಬಹಳ ಕೆಟ್ಟದ್ದು. ಅದರಲ್ಲಿ ಸವೆದ ಲೋಹದ ಅಂಶಗಳಿದ್ದು, ಮಣ್ಣಿನ ಮೂಲಕ ಬಾವಿಯ ನೀರನ್ನು ಸೇರುವುದು. ಬಿದ್ದ ಜಾಗದಲ್ಲಿ ಹುಲ್ಲೂ ಹುಟ್ಟದು. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿವೆ. ೨೦೨೪ನೆಯ ಏಪ್ರಿಲ್ ೧ರಿಂದ ಹಳೆಯ ಎಣ್ಣೆಯನ್ನು ಮರುಶುದ್ಧಿಗೆ ಸೇರಿಸುವ ಹೊಣೆಯನ್ನು ಎಣ್ಣೆ ತಯಾರಿಸುವವರ ಮೇಲೆಯೂ ಹೊರಿಸಲಾಗಿದೆ. ಆದಕಾರಣ ಮನೆಯಲ್ಲಿ ಎಣ್ಣೆ ಬದಲಾಯಿಸುವವರು ಇಳಿಸಿದುದನ್ನು ನೀರು, ಸೀಮೆಎಣ್ಣೆ ಯಾವುದೂ ಬೆರೆಯದಂತೆ ಮುಚ್ಚಳವಿರುವ ಡಬ್ಬಿಯಲ್ಲಿ, ಮಳೆ ತಾಕದೆಡೆ ಶೇಖರಿಸಿಟ್ಟು, ಅದನ್ನು ನೋಂದಾಯಿತ ಮರುಶುದ್ಧಿಗಾರರಿಗೆ ಕಳುಹಿಸುವ ವರ್ಕ್‌ಷಾಪಿಗೆ ಒಪ್ಪಿಸತಕ್ಕದ್ದು.